ಕಂಡರೂ ಪ್ರಮಾಣಿಸಿ ನೋಡು

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬುದು ನಮ್ಮ ಹಿರಿಯರ ಗಾದೆ. ಅಂತರ್ಜಾಲದ ಈ ಯುಗದಲ್ಲಿ ಅದು ಇನ್ನಷ್ಟು ನಿಜವಾಗಿದೆ. ಇಂದು ಒಬ್ಬರ ದೇಹಕ್ಕೆ ಇನ್ನೊಬ್ಬರ ಮುಖ ಅಂಟಿಸಬಹುದು. ಆಡದ ಮಾತನ್ನೂ ಅವರದೇ ದನಿಯಲ್ಲಿ ಕೇಳಿಸಬಹುದು.

ಚುನಾವಣೆ ಬಂತೆಂದರೆ ಇಂಥ ಸುಳ್ಳುಗಳಿಗೆ ಸುಗ್ಗಿ. ಕೊಲ್ಲಿ ನಾಡಿನಲ್ಲಿರುವ ನಾವು ಮತ ಹಾಕಲು ಊರಿಗೇ ಹೋಗಬೇಕು. ಆದರೆ ನಾವು ಕಳಿಸಿದ ವಾಟ್ಸಾಪ್ ಸಂದೇಶ ಕ್ಷಣದಲ್ಲಿ ಊರು ಸೇರುತ್ತದೆ. ಆದ್ದರಿಂದ ನಮಗೂ ಹೊಣೆಯಿದೆ.

ಈ ಸಂದೇಶಗಳಲ್ಲಿ ಒಂದು ತಾರತಮ್ಯ ಎದ್ದು ಕಾಣುತ್ತದೆ. ಪುರುಷ ಅಭ್ಯರ್ಥಿಯ ಮೇಲಿನ ಆರೋಪ ಹೆಚ್ಚಾಗಿ ಹಣ, ಅಧಿಕಾರಗಳ ಬಗ್ಗೆ. ಮಹಿಳೆಯಾದರೆ ಉಡುಗೆ, ರೂಪ, ಮದುವೆ, ನಡತೆ ಎಲ್ಲವೂ ಬೀದಿಗೆ ಬರುತ್ತವೆ. 2019ರ ಲೋಕಸಭಾ ಚುನಾವಣೆಯ ವೇಳೆ 95 ಮಹಿಳಾ ರಾಜಕಾರಣಿಗಳನ್ನು ಕುರಿತ ಟ್ವೀಟ್‌ಗಳನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಇಂಡಿಯಾ ಪರಿಶೀಲಿಸಿತು. ಸುಮಾರು 7ರಲ್ಲಿ 1 ನಿಂದನೀಯ ಅಥವಾ ಆಕ್ಷೇಪಾರ್ಹವಾಗಿತ್ತು. 2024ರಲ್ಲಿ 543 ಲೋಕಸಭಾ ಸ್ಥಾನಗಳಲ್ಲಿ ಮಹಿಳೆಯರು ಗೆದ್ದದ್ದು 74 ಮಾತ್ರ. ಇದಕ್ಕೆ ಕಾರಣಗಳು ಹಲವು. ಆದರೆ ಇಂಥ ಮಾತು ಕೇಳಬೇಕಾದರೆ ಸ್ಪರ್ಧಿಸಲು ಎಷ್ಟು ಹೆಣ್ಣುಮಕ್ಕಳಿಗೆ ಧೈರ್ಯ ಬಂದೀತು?

ಭಾಷಾ ಶಿಕ್ಷಕರಾದ ನಮಗೆ ಸರ್ವನಾಮವೇ ಸುಳಿವು ಕೊಡುತ್ತದೆ. ಕನ್ನಡದ ‘ಅವರು’ ಎಂಬ ಪದಕ್ಕೆ ಗಂಡು-ಹೆಣ್ಣೆಂಬ ಭೇದವಿಲ್ಲ; ಇಬ್ಬರಿಗೂ ಒಂದೇ ಗೌರವ. ಆದರೆ ಇಂಥ ಸಂದೇಶಗಳಲ್ಲಿ ಪುರುಷ ನಾಯಕ ‘ಹೇಳಿದರು’, ಮಹಿಳಾ ನಾಯಕಿ ‘ಹೇಳಿದಳು’! ಎಂಟನೆಯ ತರಗತಿಯಲ್ಲಿ ನಾವು “ಮನೆ ಮಕ್ಕಳನ್ನು ಬಿಟ್ಟು ಪ್ರಚಾರಕ್ಕೆ ಬಂದಿದ್ದಾಳೆ” ಎಂಬ ವಾಕ್ಯವನ್ನು ಹಲಗೆಯ ಮೇಲೆ ಬರೆದೆವು. ಮಕ್ಕಳು ಸುಮ್ಮನೆ ಓದಿದರು. ‘ಬಂದಿದ್ದಾಳೆ’ ಅಳಿಸಿ ‘ಬಂದಿದ್ದಾನೆ’ ಎಂದು ಬರೆದಾಗ ತರಗತಿಯೆಲ್ಲ ನಕ್ಕಿತು. ಆಗ ಒಬ್ಬ ವಿದ್ಯಾರ್ಥಿನಿ, “ಮಿಸ್, ಮೊದಲನೆಯದಕ್ಕೆ ನಾವು ಯಾಕೆ ನಗಲಿಲ್ಲ?” ಎಂದು ಕೇಳಿದಳು. ಅಂದಿನ ಪಾಠ ಅದೇ ಆಯಿತು.

ನಕಲಿ ವೀಡಿಯೊ ಗಮನಕ್ಕೆ ಬಂದ 3 ಗಂಟೆಯೊಳಗೆ ಅದನ್ನು ತೆಗೆಯಬೇಕೆಂದು 2024ರ ಮೇ ತಿಂಗಳಲ್ಲಿ ಚುನಾವಣಾ ಆಯೋಗ ಪಕ್ಷಗಳಿಗೆ ಸೂಚಿಸಿತು. ಆದರೆ 3 ಗಂಟೆಯಲ್ಲಿ ಸುಳ್ಳು ಎಷ್ಟು ಮನೆ ಹೊಕ್ಕಿರುತ್ತದೋ! ಅದನ್ನು ತಡೆಯಬಲ್ಲವರು ನಾವೇ.

ವಿದ್ಯಾರ್ಥಿಗಳೇ, ಯಾರು ಹೇಳಿದ್ದು, ಯಾವಾಗ, ಎಲ್ಲಿ ಎಂದು ತಿಳಿಯದೆ ಏನನ್ನೂ ಮುಂದೆ ಕಳಿಸಬೇಡಿ. ಹಿರಿಯರು ಕಳಿಸಿದರೆ, “ದೊಡ್ಡಪ್ಪಾ, ಇದು ಎಲ್ಲಿಂದ ಬಂತು?” ಎಂದು ವಿನಯದಿಂದ ಕೇಳಿ. ಪೋಷಕರೇ, ಮಕ್ಕಳು ಹಾಗೆ ಕೇಳಿದಾಗ ಗದರಬೇಡಿ. ನಾಳೆ ಚುನಾವಣೆಗೆ ನಿಲ್ಲುವವರಲ್ಲಿ ನಮ್ಮ ಮಗಳೂ ಇರಬಹುದು.