ಹೊರಗಿನ ನಲ್ಲಿ

ಮನೆಯೊಳಗಿನ ನಲ್ಲಿಗೂ ಹೊರಗಿನ ನಲ್ಲಿಗೂ ನಡುವೆ ಇರುವುದು ಒಂದು ಗೋಡೆ ಮಾತ್ರವೆಂದು ತಿಳಿದವರು ಸಂಸಾರವನ್ನು ಅರೆಬರೆಯಾಗಿ ಬಲ್ಲವರು. ಒಳಗಿನ ನಲ್ಲಿ ಪೂರ್ತಿಯಾಗಿ ಮನೆಯವರದು. ಅದು ಬೆಳಗ್ಗೆ ಮುನಿಸಿಕೊಂಡರೆ ಮಧ್ಯಾಹ್ನದೊಳಗೆ ಅದಕ್ಕೆ ವೈದ್ಯೋಪಚಾರ ನಡೆಯುತ್ತದೆ. ಅಡಿಗೆಮನೆಯ ಸರ್ಕಾರ ಅಂಥ ವಿಷಯದಲ್ಲಿ ವಿಳಂಬವನ್ನು ಸಹಿಸುವುದಿಲ್ಲ. ಹೊರಗಿನ ನಲ್ಲಿಯಾದರೋ ಅರ್ಧ ಮನೆಯದು, ಅರ್ಧ ಬೀದಿಯದು. ಅದರಲ್ಲಿ ಕಾಲು ತೊಳೆಯುವವರು, ಗಿಡಕ್ಕೆ ನೀರುಣಿಸುವವರು, ಬಿಸಿಲಿನಲ್ಲಿ ಬಂದು ಬೊಗಸೆಯೊಡ್ಡುವವರು, ನೆರೆಮನೆಯ ಕೊಡದವರು ಎಲ್ಲರೂ ಉಂಟು. ಆದುದರಿಂದಲೇ ಅದು ಕೆಟ್ಟರೆ ಯಾರಿಗೂ ಕೆಟ್ಟಂತೆ ತೋರುವುದಿಲ್ಲ. ಧಾರೆ ಹೆಬ್ಬೆರಳಿನ ಗಾತ್ರದಿಂದ ಕಿರುಬೆರಳಿನ ಗಾತ್ರಕ್ಕೆ, ಅಲ್ಲಿಂದ ದಾರದ ಗಾತ್ರಕ್ಕೆ ಇಳಿಯುತ್ತದೆ; ನೋಡುವವರು ‘ಬೇಸಗೆಯಲ್ಲವೆ?’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಕನ್ನಡದ ಅಧ್ಯಾಪಕನಾದ ನಾನು ಯಾವ ವಸ್ತುವನ್ನು ಕಂಡರೂ ಮೊದಲು ಅದರ ಹೆಸರನ್ನು ತಟ್ಟಿ ನೋಡುತ್ತೇನೆ, ಇದು ವೃತ್ತಿದೋಷ. ನಲ್ಲಿಗೆ ನಮ್ಮಲ್ಲಿ ಕೊಳಾಯಿ ಎಂಬ ಇನ್ನೊಂದು ಹೆಸರುಂಟು. ಕೊಳವೆ, ಕೊಳಲು ಎಂಬ ಮಾತುಗಳು ಅದರ ದಾಯಾದಿಗಳು. ಟೊಳ್ಳಾಗಿರುವುದೇ ಈ ವಂಶದ ಗುಣ. ಟೊಳ್ಳಿನಲ್ಲಿ ಗಾಳಿ ಹರಿದರೆ ಕೊಳಲು, ನೀರು ಹರಿದರೆ ಕೊಳಾಯಿ. ನಮ್ಮ ಮನೆಯ ಹೊರಗಿನ ನಲ್ಲಿ ತಿರುಗಿಸಿದೊಡನೆ ಒಮ್ಮೆ ಊದಿ, ಸೀಟಿ ಹಾಕಿ, ಬಳಿಕ ನಾಲ್ಕು ಹನಿ ನೀರು ಕೊಡುತ್ತಿದ್ದುದನ್ನು ಕಂಡಾಗ, ಅದು ತನ್ನ ಕುಲವನ್ನು ನಿರ್ಧರಿಸಿಕೊಳ್ಳಲಾರದೆ ತೊಳಲುತ್ತಿರುವಂತೆ ನನಗೆ ತೋರುತ್ತಿತ್ತು.

ನಾನು ವಾಸವಾಗಿರುವುದು ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ. ಷಿಯಾ ಮುಸಲ್ಮಾನರು ಬಹುಸಂಖ್ಯೆಯಲ್ಲಿರುವ ಊರು. ಹರಳಿನ ವ್ಯಾಪಾರಕ್ಕೂ ಹರಳುಗಳಿಗೆ ಹೊಳಪು ಕೊಡುವ ಕೆಲಸಕ್ಕೂ ಹೆಸರಾದುದು. ಹತ್ತಿರದ ತೊಂಡೇಬಾವಿ ತನ್ನ ಹೆಸರಿನಲ್ಲಿಯೇ ಒಂದು ಬಾವಿಯನ್ನು ಹೊತ್ತು ನಿಂತಿದೆ. ನಂದಿಯ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಈ ಸೀಮೆಯನ್ನು ಹಾದು ಆಂಧ್ರವನ್ನು ಸೇರಿ, ನೆಲ್ಲೂರಿನ ಬಳಿ ಸಮುದ್ರವನ್ನು ಕೂಡುತ್ತದೆ. ಭೂಪಟದಲ್ಲಿ ಅದು ನೀಲಿಗೆರೆ. ಕಣ್ಣಿಗೆ ವರ್ಷದ ಬಹುಭಾಗ ಮರಳಿನ ಹಾಸು. ಅದೇ ಬೆಟ್ಟಗಳ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ನಾಡಿನ ನದಿಗಳಿಗೆಲ್ಲ ಲೆಕ್ಕ ಕಲಿಸಿದರು. ಆದರೆ ಅವರ ಹುಟ್ಟುಸೀಮೆಯಲ್ಲಿ ಲೆಕ್ಕ ಕಲಿಸಲು ವರ್ಷವಿಡೀ ಹರಿಯುವ ಒಂದು ನದಿಯೂ ಇರಲಿಲ್ಲ. ಹಿಂದಿನವರು ಕೆರೆಗಳನ್ನು ನಂಬಿದ್ದರು; ಇಂದಿನವರು ಕೊಳವೆಬಾವಿಯನ್ನು ನಂಬಿದ್ದಾರೆ. ಆಳದಿಂದ ಮೇಲೆ ಬರುವ ನೀರು ಬರಿಗೈಯಲ್ಲಿ ಬರುವುದಿಲ್ಲ. ಕಲ್ಲಿನ ಸಾರವನ್ನೂ ಸುಣ್ಣದ ಅಂಶವನ್ನೂ ಹೊತ್ತು ತರುತ್ತದೆ. ಇದೇ ಗಡಸು ನೀರು. ಇದರಲ್ಲಿ ಸಾಬೂನು ನೊರೆಯುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಕೊಳವೆಯ ಒಳಮೈಯಲ್ಲಿ ಇದು ಏನು ಮಾಡುತ್ತದೆಂಬುದು ಮುಂದೆ ತಿಳಿಯುತ್ತದೆ.

ನಮ್ಮ ಹೊರಗಿನ ನಲ್ಲಿ ಗೇಟಿನ ಪಕ್ಕದಲ್ಲಿದೆ. ಓಣಿಗೆ ಸರಬರಾಜು ನೀರು ಬಾರದ ದಿನಗಳಲ್ಲಿ ಅಕ್ಕಪಕ್ಕದ ನಾಲ್ಕು ಮನೆಯವರು ಅಲ್ಲಿ ಕೊಡ ಹಿಡಿಯುವುದು ಹಳೆಯ ವಾಡಿಕೆ. ಆ ನಾಲ್ವರಲ್ಲಿ ನನ್ನ ತರಗತಿಯ ವಿದ್ಯಾರ್ಥಿನಿಯೂ ಒಬ್ಬಳು. ಮನೆಯಲ್ಲಿ ಉರ್ದು ಮಾತನಾಡುವ ಆ ಹುಡುಗಿ ಕನ್ನಡವನ್ನು ಆಸೆಯಿಂದ ಆರಿಸಿಕೊಂಡವಳು; ಹಳಗನ್ನಡದ ಪದ್ಯವನ್ನು ಬಿಡಿಸುವಾಗ ಮನೆಮಾತಿನವರನ್ನೇ ನಾಚಿಸುವಂಥವಳು. ಈ ಬೇಸಗೆಯಲ್ಲಿ ಮೊದಲ ಅವಧಿಯ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಮೇಲಿಂದ ಮೇಲೆ ಖಾಲಿ ಜಾಗ ಬೀಳತೊಡಗಿತು. ಕೇಳಿದರೆ ‘ಬಸ್ಸು ತಪ್ಪಿತು, ಸಾರ್’ ಎಂಬ ಒಂದೇ ಉತ್ತರ. ಬಸ್ಸು ಏಕೆ ತಪ್ಪುತ್ತದೆಂಬುದು ಒಂದು ಮುಂಜಾನೆ ಕಿಟಕಿಯಿಂದ ನೋಡಿದಾಗ ಕಂಡಿತು: ಸಾಲಿನ ಕೊನೆಯಲ್ಲಿ ಎರಡು ಕೊಡಗಳ ನಡುವೆ ಅವಳು ಪುಸ್ತಕ ತೆರೆದು ನಿಂತಿದ್ದಳು.

ಅಂದೇ ಗಡಿಯಾರವನ್ನೂ ಬಕೆಟ್ಟನ್ನೂ ಹಿಡಿದು ಅಂಗಳಕ್ಕಿಳಿದೆ. ನೀರಿನ ವಿಷಯದಲ್ಲಿ ಕಣ್ಣಿನ ಸಾಕ್ಷ್ಯವನ್ನು ನಂಬಬಾರದು. ಬಕೆಟ್ಟಿನ ಸಾಕ್ಷ್ಯವನ್ನು ನಂಬಬೇಕು. 15 ಲೀಟರಿನ ಬಕೆಟ್ಟು ಬಚ್ಚಲುಮನೆಯ ನಲ್ಲಿಯಲ್ಲಿ ಒಂದೂವರೆ ನಿಮಿಷಕ್ಕೆ ತುಂಬಿತು. ಹೊರಗಿನ ನಲ್ಲಿಯಲ್ಲಿ ಆರು ನಿಮಿಷ ಹಿಡಿಯಿತು. ಎರಡಕ್ಕೂ ನೀರು ಮಾಳಿಗೆಯ ಮೇಲಿನ ಒಂದೇ ತೊಟ್ಟಿಯಿಂದ. ತಾಯಿ ಒಬ್ಬಳೇ, ಮಕ್ಕಳಲ್ಲಿ ಒಂದು ಮಾತ್ರ ಸೊರಗಿದೆ ಎಂದಮೇಲೆ ದೋಷ ತಾಯಿಯಲ್ಲಿಲ್ಲ. ತೊಟ್ಟಿಯನ್ನು ಶಂಕಿಸುವ ಕಾರಣ ಅಲ್ಲಿಗೆ ತೀರಿತು. ಹೊರಗೆ ನಿಮಿಷಕ್ಕೆ ಎರಡೂವರೆ ಲೀಟರು. ಒಬ್ಬರಿಗೆ ಎರಡು ಕೊಡವೆಂದರೆ ಹನ್ನೆರಡು ನಿಮಿಷ, ನಾಲ್ವರಿಗೆ ನಲವತ್ತೆಂಟು. ಸಾಲಿನ ಕೊನೆಯವಳಿಗೆ ಬಸ್ಸು ಸಿಕ್ಕುವುದು ಹೇಗೆ?

ನಲ್ಲಿ ರಿಪೇರಿಯ ಮುದುಕರೊಬ್ಬರನ್ನು ಕರೆತಂದೆ. ಅವರು ಹೆಚ್ಚು ಮಾತನಾಡುವವರಲ್ಲ. ನಲ್ಲಿಯನ್ನು ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆರೆದರು. ನೀರು ಮೊದಲು ರಭಸದಿಂದ ಚಿಮ್ಮಿ, ಒಡನೆಯೇ ಸಣ್ಣಗಾಯಿತು. ‘ಒತ್ತಡ ಇದೆ, ದಾರಿ ಇಲ್ಲ’ ಎಂದರು. ಭೌತಶಾಸ್ತ್ರದವರು ಒಂದು ಪುಟದಲ್ಲಿ ಹೇಳುವುದು ನಾಲ್ಕು ಪದಗಳಲ್ಲಿ ಮುಗಿಯಿತು. ಹತ್ತು ಮೀಟರು ಎತ್ತರದ ನೀರು ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ಭಾರವನ್ನು ಹೇರುತ್ತದೆ. ನಮ್ಮ ತೊಟ್ಟಿ ನಲ್ಲಿಗಿಂತ ಹನ್ನೆರಡು ಅಡಿ ಮೇಲಿದೆ; ಆದ್ದರಿಂದ ಅದು ಕೊಡುವ ಒತ್ತಡ ಇದರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ನಲ್ಲಿ ಮುಚ್ಚಿರುವಾಗ ಅಷ್ಟೂ ಒತ್ತಡ ಬಾಗಿಲ ಬಳಿ ಬಂದು ಕಾಯುತ್ತಿರುತ್ತದೆ. ತೆರೆದು ನೀರು ಚಲಿಸತೊಡಗಿದ ಮೇಲೆ ದಾರಿಯ ಪ್ರತಿ ಇಕ್ಕಟ್ಟೂ ಪ್ರತಿ ತಿರುವೂ ತನ್ನ ಸುಂಕವನ್ನು ವಸೂಲು ಮಾಡುತ್ತದೆ. ಬಡ ಒತ್ತಡಕ್ಕೆ ಸುಂಕ ಹೆಚ್ಚಾದರೆ ಊರು ಸೇರುವ ಹೊತ್ತಿಗೆ ಚೀಲ ಬರಿದು.

ಅವರು ಹಿಡಿದ ಕ್ರಮವನ್ನು ವಾಚಕರ ಉಪಯೋಗಕ್ಕಾಗಿ ಹೇಳುತ್ತೇನೆ. ಅಗ್ಗದ ಶಂಕೆಯಿಂದ ಆರಂಭಿಸಿ ದುಬಾರಿಯದಕ್ಕೆ ಹೋಗುವುದೇ ಅದರ ಗುಟ್ಟು. ಮೊದಲು ನಲ್ಲಿಯ ತಲೆ ಬಿಚ್ಚಿದರು. ಒಳಗಿನ ವಾಷರು ಉಬ್ಬಿ ಬಾಯಿಗೆ ಅಡ್ಡ ಬಿದ್ದಿತ್ತು. ಅದನ್ನು ಬದಲಿಸಿದರು. ನಲ್ಲಿಯ ಬಾಯಲ್ಲಿ ಕಟ್ಟಿದ್ದ ಬಿಳಿಯ ಗಂಟನ್ನು ವಿನಿಗರಿನಲ್ಲಿ ನೆನೆಯಿಟ್ಟು ಉಜ್ಜಿದರು. ಸುಣ್ಣದ ಕಲ್ಲು ಹುಳಿಗೆ ಸೋಲುತ್ತದೆ, ಮನೆಯಲ್ಲಿ ಹುಣಸೆಹಣ್ಣೂ ಆದೀತು. ಬಳಿಕ ಕವಲು ಒಡೆಯುವಲ್ಲಿದ್ದ ವಾಲ್ವನ್ನು ನೋಡಿದರೆ ಅದು ಅರ್ಧ ಮಾತ್ರ ತೆರೆದಿತ್ತು. ಪೂರ್ತಿ ತೆರೆದಾಗ ಬಕೆಟ್ಟು ನಾಲ್ಕು ನಿಮಿಷಕ್ಕೆ ತುಂಬಿತು. ಕೊನೆಗೆ ನಲ್ಲಿಯನ್ನೇ ಕಳಚಿ, ಕೊಳವೆಯ ಬರಿ ಬಾಯಿಂದ ನೀರು ಬಿಟ್ಟರು. ಧಾರೆ ಹೆಚ್ಚೇನೂ ದಪ್ಪವಾಗಲಿಲ್ಲ. ನಲ್ಲಿ ನಿರಪರಾಧಿಯಾಯಿತು, ಅಪರಾಧ ಕೊಳವೆಯದೇ ಎಂದಾಯಿತು.

ಅರ್ಧ ಅಂಗುಲದ ಆ ಹಳೆಯ ಕಬ್ಬಿಣದ ಕೊಳವೆಯ ಒಂದು ತುಂಡನ್ನು ಕೊಯ್ದು ನನ್ನ ಕೈಗೆ ಕೊಟ್ಟರು. ತುಕ್ಕೂ ಸುಣ್ಣವೂ ಸುತ್ತು ಸುತ್ತಾಗಿ ಹೆಪ್ಪುಗಟ್ಟಿ, ನಡುವೆ ಪೆನ್ಸಿಲ್ಲು ತೂರುವಷ್ಟು ರಂಧ್ರ ಮಾತ್ರ ಉಳಿದಿತ್ತು. ಹರಳಿಗೆ ಹೊಳಪು ಕೊಡುವ ಊರಿನಲ್ಲಿ ಯಾವ ಉಂಗುರಕ್ಕೂ ಸೇರದ ಇಂಥ ಕಲ್ಲು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದಿತ್ತು! ವ್ಯಾಸ ಅರ್ಧವಾದರೆ ದಾರಿ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ; ಘರ್ಷಣೆಯ ಕಾರಣ ಹರಿವು ಕಾಲು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಕೊಳವೆಯ ಈ ಗಣಿತ ನಿರ್ದಯವಾದುದು.

ಇಡೀ ಕವಲನ್ನು ಬದಲಿಸಬೇಕೆಂದಾಗ ಮನೆಯ ಮಾಲೀಕರು ಮುಖ ಗಂಟಿಕ್ಕಿದರು. ಅವರು ಕೆಟ್ಟವರಲ್ಲ, ಕೊಳವೆಬಾವಿ ಬತ್ತಿದ ಬೇಸಗೆಗಳನ್ನು ಕಂಡವರು. ‘ಸಣ್ಣಗೆ ಬರುವುದೇ ಒಳ್ಳೆಯದು. ದಪ್ಪಗೆ ಬಿಟ್ಟರೆ ಬೀದಿಯೆಲ್ಲ ಬಂದು ನಿಲ್ಲುತ್ತದೆ’ ಎಂದರು. ಈ ವಾದವನ್ನು ನಗೆಯಾಡಿ ತಳ್ಳುವಂತಿರಲಿಲ್ಲ. ನೀರಿಲ್ಲದ ಸೀಮೆಯಲ್ಲಿ ಜಿಪುಣತನವೂ ಒಂದು ವ್ರತ. ಮುದುಕರು ಕೊಳವೆಯ ತುಂಡನ್ನು ಒರೆಸುತ್ತ ತಮ್ಮ ಉರ್ದುವಿನಲ್ಲಿ ಹೇಳಿದುದರ ಸಾರ ಇಷ್ಟು: ಕೊಡ ಎಷ್ಟು ದೊಡ್ಡದೋ ಅಷ್ಟೇ ನೀರು ಹಿಡಿಯುತ್ತದೆ. ಧಾರೆ ಸಣ್ಣದಾದರೆ ಉಳಿಯುವುದು ನೀರಲ್ಲ, ಕಳೆಯುವುದು ಅವರ ಹೊತ್ತು.

ನಾನು ಆ ಮಾತನ್ನು ಇನ್ನೂ ತಿರುಗಿಸಿ ನೋಡುತ್ತಿದ್ದೇನೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನ ಅಳತೆಯಂತೆ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರು ನೀರು ದೊರೆಯಬೇಕು. ಐದು ಜನರ ಸಂಸಾರಕ್ಕೆ 275 ಲೀಟರು. ನಮ್ಮ ಹಳೆಯ ಧಾರೆಯಲ್ಲಿ ಅಷ್ಟು ಹಿಡಿಯಲು ಒಂದು ಗಂಟೆ ಐವತ್ತು ನಿಮಿಷ ನಿಲ್ಲಬೇಕು. ನಿಮಿಷಕ್ಕೆ ಹನ್ನೆರಡು ಲೀಟರು ಬಂದರೆ ಇಪ್ಪತ್ತಮೂರು ನಿಮಿಷ ಸಾಕು. ಲೀಟರುಗಳ ಲೆಕ್ಕದಲ್ಲಿ ಎರಡೂ ಮನೆಗಳು ಸಮಾನ. ನಿಂತಿರುವವರು ಯಾರು, ಅವರು ಆ ಹೊತ್ತಿನಲ್ಲಿ ಬೇರೆ ಏನು ಮಾಡಬಹುದಾಗಿತ್ತು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ನಿಂತಿರುವವರು ಸಾಮಾನ್ಯವಾಗಿ ಹೆಂಗಸರು, ಹುಡುಗಿಯರು. ‘ಕೆರೆಗೆ ಹಾರ’ದ ಭಾಗೀರಥಿ ನೀರಿಗಾಗಿ ತನ್ನನ್ನೇ ಕೊಟ್ಟಳೆಂದು ನಾವು ತರಗತಿಯಲ್ಲಿ ಕಣ್ಣೀರು ತುಂಬಿ ಪಾಠ ಹೇಳುತ್ತೇವೆ. ದಿನಕ್ಕೆ ನಲವತ್ತು ನಿಮಿಷದಂತೆ ಕಂತಿನಲ್ಲಿ ಕೊಡುತ್ತಿರುವವರು ನಮ್ಮ ಕಿಟಕಿಯ ಕೆಳಗೇ ಇರುತ್ತಾರೆ.

ಮಾಲೀಕರು ಕೊನೆಗೆ ಒಪ್ಪಿದರು. ಖರ್ಚಿನಲ್ಲಿ ಅರ್ಧ ನನ್ನದೆಂಬುದು ಕರಾರು. ಮುಕ್ಕಾಲು ಅಂಗುಲದ ಪ್ಲಾಸ್ಟಿಕ್ ಕೊಳವೆ ಬಂತು. ನಾಲ್ಕು ತಿರುವುಗಳಿದ್ದಲ್ಲಿ ಎರಡೇ ಉಳಿದವು. ಹೊಸ ನಲ್ಲಿ ಕೂರಿಸುವ ಮೊದಲು ಬರಿ ಬಾಯಿಂದ ನೀರು ಹರಿಯಬಿಟ್ಟು ಕಸವನ್ನೆಲ್ಲ ಕಳೆದರು. ಬಕೆಟ್ಟು ಒಂದೂಕಾಲು ನಿಮಿಷಕ್ಕೆ ತುಂಬಿತು. ನಾಲ್ಕು ಮನೆಗಳ ನಲವತ್ತೆಂಟು ನಿಮಿಷ ಹತ್ತು ನಿಮಿಷವಾಯಿತು. ತೊಟ್ಟಿಯ ನೀರು ಮೊದಲಿಗಿಂತ ಬೇಗ ಬರಿದಾಗಲಿಲ್ಲವೆಂಬುದನ್ನು ಮಾಲೀಕರು ಹದಿನೈದು ದಿನ ಮಾಳಿಗೆ ಹತ್ತಿ ಖಚಿತಪಡಿಸಿಕೊಂಡರು.

ನಲ್ಲಿಯನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕೆಂದು ಕೇಳಿದಾಗ ಮುದುಕರು ಬೇರೊಂದು ಅಳತೆ ಹೇಳಿದರು: ಕೆಳಗೆ ಕೊಡ ನಿಲ್ಲಬೇಕು, ದಾರಿಹೋಕನ ಬೊಗಸೆಗೂ ಬಾಗಿದರೆ ಎಟುಕಬೇಕು. ಈ ಊರಿನಲ್ಲಿ ನೀರಿನ ಮಾತಿಗೆ ಹಿಂದೊಂದು ನೆನಪಿದೆ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಇಮಾಂ ಹುಸೇನರಿಗೂ ಅವರ ಸಂಗಡಿಗರಿಗೂ ಯೂಫ್ರಟೀಸ್ ನದಿಯ ನೀರನ್ನು ತಡೆಯಲಾಯಿತು. ಮಕ್ಕಳೂ ಬಾಯಾರಿ ಬಳಲಿದರು. ಆ ಬಾಯಾರಿಕೆಯ ನೆನಪಿಗೆ ಮೊಹರಮ್ಮಿನಲ್ಲಿ ಸಬೀಲುಗಳನ್ನಿಟ್ಟು, ಬಂದವರಿಗೆಲ್ಲ ನೀರು ಪಾನಕಗಳನ್ನು ಕೊಡುವುದು ಷಿಯಾ ಸಂಪ್ರದಾಯ. ನಮ್ಮ ಅರವಟ್ಟಿಗೆಗೂ ಅದಕ್ಕೂ ಹೆಸರು ಬೇರೆ, ಮಡಕೆ ಒಂದೇ. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಮಗುವಿನ ಕಿವಿಯಲ್ಲಿ ಕೆರೆಬಾವಿಗಳ ಧರ್ಮವನ್ನು ಉಸುರುತ್ತಾಳೆ. ಕೆರೆ ಕಟ್ಟಿಸುವ ಭಾಗ್ಯ ಅಧ್ಯಾಪಕನ ಸಂಬಳಕ್ಕೆ ಎಟುಕದು. ವಾಷರು ಬದಲಿಸುವ ಪುಣ್ಯವಾದರೂ ಎಟುಕೀತು.

ಆ ಹುಡುಗಿ ಈಗ ಮೊದಲ ಅವಧಿಗೆ ಬರುತ್ತಾಳೆ. ನಲ್ಲಿಯ ವಿಷಯವನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಕೊಯ್ದ ಕೊಳವೆಯ ತುಂಡು ನನ್ನ ಮೇಜಿನ ಮೇಲೆ ಕಾಗದಗಳನ್ನು ಒತ್ತಿಕೊಂಡು ಕುಳಿತಿದೆ. ವಿದ್ಯಾರ್ಥಿಯ ಬುದ್ಧಿ ಮಂದವೆಂದೋ ಆಸಕ್ತಿ ಸಾಲದೆಂದೋ ಯಾರಾದರೂ ದೂರಿದಾಗ ಅದರ ರಂಧ್ರದ ಕಡೆ ಒಮ್ಮೆ ನೋಡುತ್ತೇನೆ. ತೊಟ್ಟಿ ತುಂಬಿದ್ದರೂ ಧಾರೆ ಸಣ್ಣದಾಗಿರಲು ಸಾಧ್ಯ.

ವಾಚಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಭಾನುವಾರ ನಿಮ್ಮ ಹೊರಗಿನ ನಲ್ಲಿಯ ಕೆಳಗೆ ಒಂದು ಬಕೆಟ್ಟನ್ನಿಟ್ಟು ಗಡಿಯಾರ ನೋಡಿ. ತುಂಬಿದ ನೀರು ವ್ಯರ್ಥವಾದೀತೆಂಬ ಅಂಜಿಕೆ ಬೇಡ. ಅದನ್ನು ಗಿಡಕ್ಕೆ ಹಾಕಿರಿ.