ತೀನ್ ಮೂರ್ತಿಯಲ್ಲಿ ನಿಂತ ನಮ್ಮ ಮೈಸೂರಿನವನು

"ಅಮ್ಮಾ, ಪ್ರಪಂಚದ ಇತಿಹಾಸದಲ್ಲೇ ಎಲ್ಲರಿಗಿಂತ ಶೂರ ಸೈನ್ಯ ಯಾವುದು, ನೀನೇ ತೀರ್ಪು ಹೇಳು!"

ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಮಗ ಎಸೆದ ಪ್ರಶ್ನೆ ಇದು. ಊಟದ ಮೇಜಿನ ಸುತ್ತ ಆಗಲೇ ಮಹಾಯುದ್ಧ ಶುರುವಾಗಿತ್ತು. ಮಗನದು ಕ್ರಿ.ಪೂ. 480ರಲ್ಲಿ ಥರ್ಮಾಪಿಲೆಯ ಇಕ್ಕಟ್ಟಿನಲ್ಲಿ ಪರ್ಷಿಯನ್ನರ ಭಾರಿ ಸೇನೆಯನ್ನು ತಡೆದ 300 ಸ್ಪಾರ್ಟನ್ನರ ಪಕ್ಷ. ಅವರೊಂದಿಗೆ ಕೊನೆಯವರೆಗೂ ನಿಂತ 700 ಥೆಸ್ಪಿಯನ್ನರ ಹೆಸರನ್ನು ಅವನೂ ಎತ್ತಲಿಲ್ಲ. ಯಾರೂ ಎತ್ತುವುದಿಲ್ಲ ಬಿಡಿ. ಪಕ್ಕದ ಮನೆಯ ಸರ್ದಾರ್ಜಿಯ ಮಗ ಸುಮ್ಮನಿರುವನೇ? 1897ರ ಸೆಪ್ಟೆಂಬರ್ 12ರಂದು ಸಾರಾಗಢಿಯ ಪುಟ್ಟ ಠಾಣೆಯಲ್ಲಿ ಹವಾಲ್ದಾರ್ ಈಶರ್ ಸಿಂಗ್ ಮತ್ತು ಅವನ ಸಂಗಡಿಗರು, ಒಟ್ಟು 21 ಸಿಖ್ಖರು, ಸಾವಿರಾರು ಮಂದಿಯ ಎದುರು ಕಡೆಯ ಉಸಿರಿನವರೆಗೆ ಕಾದಿದ್ದನ್ನು ಮೇಜು ಕುಟ್ಟಿ ಹೇಳಿದ.

ಹನ್ನೆರಡನೆಯ ತರಗತಿಯ ಮಗಳು ಮಾತ್ರ ಮೆಲ್ಲಗೆ, "ರೆಜಾಂಗ್ ಲಾ" ಎಂದಳು.

ನನ್ನ ಕೈಯ ಸೌಟು ನಿಂತಿತು. ಅದಕ್ಕೆ ಕಾರಣವಿದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಿಂದ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಪರೀಕ್ಷೆಗೆ ಅರ್ಜಿ ಹಾಕಲೇ ಎಂದು ಇವಳು ಕೇಳಿ ತಿಂಗಳಾಗಿತ್ತು. ನಾನು "ನೋಡೋಣ, ನೋಡೋಣ" ಎಂದು ದಿನ ದೂಡುತ್ತಿದ್ದೆ.

"ಇವರಲ್ಲಿ ನಮ್ಮ ಕನ್ನಡದವರು ಒಬ್ಬರೂ ಇಲ್ಲವಲ್ಲಾ!" ಎಂದು ಮಗ ಪೇಚಾಡಿದಾಗ ಪತ್ರಿಕೆಯ ಹಿಂದಿನಿಂದ ನಮ್ಮ ಯಜಮಾನರ ಧ್ವನಿ ಬಂತು: "ಇದ್ದಾನಲ್ಲ, ತೀನ್ ಮೂರ್ತಿಯಲ್ಲಿ ನೂರು ವರ್ಷದಿಂದ ನಿಂತಿದ್ದಾನೆ. ನೀವೇ ತಿರುಗಿ ನೋಡಿಲ್ಲ."

ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ. ದೆಹಲಿಗೆ ಬಂದು ಇಪ್ಪತ್ತೈದು ವರ್ಷಗಳಲ್ಲಿ ಆ ವೃತ್ತವನ್ನು ಅದೆಷ್ಟು ಸಲ ಸುತ್ತಿದ್ದೇನೋ! ನೆಹರೂ ಅವರ ಮನೆ ಎಂದು ಊರಿನಿಂದ ಬಂದ ನೆಂಟರಿಗೆಲ್ಲ ಬೆರಳು ಮಾಡಿ ತೋರಿಸಿದ್ದೇನೆ. ಆ ಮನೆಗೆ ಹೆಸರು ಕೊಟ್ಟ ಮೂವರು ಯಾರೆಂದು ಕೇಳಿದವಳೇ ಅಲ್ಲ.

ಅಂದೇ ಮಧ್ಯಾಹ್ನ ಹೊರಟೆವು. ಲೋಕ ಕಲ್ಯಾಣ ಮಾರ್ಗದ ಮೆಟ್ರೋ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದರೆ ಹತ್ತಿರವೇ. ವೃತ್ತದ ನಡುವೆ ಬಿಳಿಯ ಕಲ್ಲಿನ ಕಂಬ, ಅದರ ಸುತ್ತ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖಮಾಡಿ ನಿಂತ ಕಂಚಿನ ಮೂವರು ಸೈನಿಕರು. ಶಿಲ್ಪಿ ಲೆನಾರ್ಡ್ ಜೆನ್ನಿಂಗ್ಸ್, ಸ್ಥಾಪನೆಯಾದದ್ದು 1922ರಲ್ಲಿ. ಒಬ್ಬ ಜೋಧಪುರದವನು, ಒಬ್ಬ ಹೈದರಾಬಾದಿನವನು, ಇನ್ನೊಬ್ಬ ನಮ್ಮ ಮೈಸೂರಿನವನು. ಮೊದಲ ಮಹಾಯುದ್ಧದಲ್ಲಿ ಈ ಸಂಸ್ಥಾನಗಳ ಅಶ್ವದಳಗಳು ಒಂದೇ ಬ್ರಿಗೇಡಿನಲ್ಲಿ ಕೂಡಿ ಈಜಿಪ್ಟ್, ಪ್ಯಾಲೆಸ್ತೀನ್‌ಗಳ ಮರಳಿನಲ್ಲಿ ಹೋರಾಡಿದ್ದವು.

ಅವರ ದೊಡ್ಡ ದಿನ 1918ರ ಸೆಪ್ಟೆಂಬರ್ 23. ಹೈಫಾ ಬಂದರು ತುರ್ಕರ ವಶದಲ್ಲಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ. ಬೆಟ್ಟದ ಮೇಲೆ ಫಿರಂಗಿ, ಇಳಿಜಾರಿನಲ್ಲಿ ಮಷಿನ್ ಗನ್ನು. ನಮ್ಮವರ ಬಳಿ ಇದ್ದದ್ದು ಕುದುರೆ, ಭರ್ಜಿ, ಕತ್ತಿ. ಮೈಸೂರಿನ ಸವಾರರ ಒಂದು ತುಕಡಿ ಕಡಿದಾದ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿಯಿತು. ಜೋಧಪುರದವರು ನದಿಯ ಹೂಳಿಗೆ ಸಿಕ್ಕದೆ ಪಕ್ಕಕ್ಕೆ ತಿರುಗಿ ಊರೊಳಗೆ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಂದು ಮಡಿದ. ಸಂಜೆಯ ಹೊತ್ತಿಗೆ ಊರು ಕೈಸೇರಿತ್ತು. 1,350 ಮಂದಿ ಸೆರೆ, 17 ಫಿರಂಗಿಗಳು ವಶ. ನಮ್ಮವರಲ್ಲಿ ಸತ್ತವರು 8 ಮಂದಿ, ಕುದುರೆಗಳು 60. 2018ರಲ್ಲಿ ಈ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು.

ಕೇಳುತ್ತಾ ನನಗೆ ನಾಚಿಕೆಯಾಯಿತು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು ನಾನು. 1854ರಲ್ಲಿ ಬಾಲಾಕ್ಲಾವಾದಲ್ಲಿ ತಪ್ಪು ಆಜ್ಞೆಗೆ ತಲೆಬಾಗಿ ಫಿರಂಗಿಯ ಬಾಯಿಗೆ ನುಗ್ಗಿದ ಇಂಗ್ಲಿಷ್ ಸವಾರರ ಮೇಲೆ ಟೆನ್ನಿಸನ್ ಬರೆದ ಪದ್ಯ ಇಂದಿಗೂ ಬಾಯಿಪಾಠ. ನಮ್ಮ ನೆಲದಿಂದ ಹೋಗಿ ಅಂಥದೇ ದಾಳಿ ನಡೆಸಿ, ಗೆದ್ದೂ ಬಂದವರ ಬಗ್ಗೆ ಒಂದು ಸಾಲನ್ನೂ ಓದಿರಲಿಲ್ಲ.

"ಆದರೆ ಅಮ್ಮಾ, ಇವರು ಕಾದಾಡಿದ್ದು ಇಂಗ್ಲಿಷರಿಗಾಗಿ ಅಲ್ಲವೇ?" ಎಂದ ಮಗ. ನ್ಯಾಯವಾದ ಪ್ರಶ್ನೆ. ಯುದ್ಧ ಅವರದಲ್ಲ, ಮಹಾರಾಜರು ಕಳಿಸಿದರು, ಹೋದರು. ಯಾರಿಗಾಗಿ ಎಂಬುದನ್ನು ಮೇಲಿದ್ದವರು ನಿರ್ಧರಿಸಿದ್ದರು. ಪಕ್ಕದವನನ್ನು ಬಿಟ್ಟು ಓಡುವುದಿಲ್ಲ ಎಂಬುದಷ್ಟೇ ಅವರ ಸ್ವಂತದ್ದು. ಅಷ್ಟಕ್ಕೆ ಕೈಮುಗಿಯಬಹುದು ಎಂದೆ.

ಅಲ್ಲಿಂದ ಇಂಡಿಯಾ ಗೇಟಿನ ಬಳಿಯ ರಾಷ್ಟ್ರೀಯ ಸಮರ ಸ್ಮಾರಕಕ್ಕೆ ಹೋಗೋಣವೆಂದು ಮಗಳು ಹಟ ಹಿಡಿದಳು. 2019ರ ಫೆಬ್ರವರಿಯಲ್ಲಿ ತೆರೆದ ಈ ಸ್ಮಾರಕದ ತ್ಯಾಗ ಚಕ್ರದ ಗೋಡೆಗಳಲ್ಲಿ ಸ್ವಾತಂತ್ರ್ಯಾನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಗ್ರಾನೈಟ್ ಬಿಲ್ಲೆಗೊಂದು ಹೆಸರು. ಸಂಜೆಗತ್ತಲಲ್ಲಿ ನಿಂತು ಮಗಳು ರೆಜಾಂಗ್ ಲಾ ಕಥೆ ಹೇಳಿದಳು. 1962ರ ನವೆಂಬರ್ 18. ಹದಿನಾರು ಸಾವಿರ ಅಡಿಗೂ ಮೇಲಿನ ಹಿಮದಲ್ಲಿ 13 ಕುಮಾಊಂ ದಳದ ಒಂದು ಕಂಪನಿ, ಸುಮಾರು 120 ಮಂದಿ, ಹೆಚ್ಚಿನವರು ಹರಿಯಾಣದ ರೈತರ ಮಕ್ಕಳು. ಮೇಜರ್ ಶೈತಾನ್ ಸಿಂಗ್ ಸೇರಿ ನೂರಕ್ಕೂ ಮಿಕ್ಕಿ ಜನ ಅಲ್ಲೇ ಉಳಿದರು. ತಿಂಗಳುಗಳ ಮೇಲೆ ಹೆಣಗಳು ಸಿಕ್ಕಾಗ ಕೈಗಳಲ್ಲಿ ಇನ್ನೂ ಆಯುಧಗಳಿದ್ದವಂತೆ.

ನನಗೆ ತವರೂರಿನ ಕೆರೆ ಏರಿಯ ವೀರಗಲ್ಲು ನೆನಪಾಯಿತು. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಊರ ದನಗಳನ್ನು ಉಳಿಸಲು ಹೋಗಿ ಸತ್ತವನಿಗೂ ನಮ್ಮವರು ಅಂಥ ಕಲ್ಲು ನಿಲ್ಲಿಸುತ್ತಿದ್ದರು. ಎಷ್ಟು ಜನರನ್ನು ಕೊಂದ, ಯಾರಿಗಿಂತ ದೊಡ್ಡವ ಎಂಬ ಲೆಕ್ಕ ನಮ್ಮಜ್ಜಿಗೆ ಬೇಕಿರಲಿಲ್ಲ. ಹಬ್ಬಕ್ಕೆ ಎಣ್ಣೆ, ಕುಂಕುಮ ಹಚ್ಚುತ್ತಿದ್ದಳು, ಅಷ್ಟೇ. ಆದರೆ ಆ ಮೂರು ಅಂತಸ್ತಿನಲ್ಲಿ ಎಲ್ಲೂ ಅವನ ತಾಯಿ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಇಂದೇ.

"ತೀರ್ಪು ಏನಾಯಿತು ಅಮ್ಮಾ?" ಎಂದು ಮೆಟ್ರೋದಲ್ಲಿ ಮಗ ಕೇಳಿದ. ತಾಯಂದಿರು ತೀರ್ಪು ಕೊಡುವ ಪಂದ್ಯ ಇದಲ್ಲ ಎಂದೆ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಮಗಳನ್ನು ಕರೆದು, "ಅರ್ಜಿಗೆ ಕೊನೆಯ ದಿನ ಯಾವತ್ತು?" ಎಂದು ಕೇಳಿದೆ. ಅವಳು ಹೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಆ ಮಾತು ಬೇರೆ.

ಯುವ ಮಿತ್ರರೇ, ಮುಂದಿನ ಸಲ ಆ ವೃತ್ತ ಬಳಸುವಾಗ ಆಟೋದವನಿಗೆ ಒಂದು ನಿಮಿಷ ನಿಲ್ಲಿಸಲು ಹೇಳಿ. ಮೂವರಲ್ಲಿ ಒಬ್ಬ ನಿಮ್ಮ ಅಜ್ಜನ ಸೀಮೆಯವನು. ಸಾಧ್ಯವಾದರೆ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ.