ಈಗ ಎಷ್ಟು ಬರ್ತಿದೆ ಮೇಡಂ?

ನಮ್ಮ ಅಕ್ಕನ ಮಗಳಿಗೆ ರಿಕ್ರೂಟರುಗಳ ಫೋನು ಬರುವುದು ಹೆಚ್ಚಾಗಿ ಆಫೀಸಿನ ಊಟದ ಹೊತ್ತಿಗೆ. ಡಬ್ಬಿ ಮುಚ್ಚಿಟ್ಟು, ಮೆಟ್ಟಿಲ ಕಡೆ ಹೋಗಿ, ದನಿ ತಗ್ಗಿಸಿ ಮಾತಾಡುತ್ತಾಳೆ. ಕೆಲಸ ಏನೆಂದು ಹೇಳುವ ಮೊದಲೇ ಆ ಕಡೆಯಿಂದ ಮೂರು ಪ್ರಶ್ನೆ: ಕರೆಂಟ್ ಸಿಟಿಸಿ (ಈಗಿನ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಎಷ್ಟು, ಎಕ್ಸ್‌ಪೆಕ್ಟೆಡ್ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು?

ನನಗೆ ಸಿಟ್ಟು ಬರುವುದು ಮೊದಲನೆಯದರ ಮೇಲೆ. ಹಾಸನದಲ್ಲಿ ಓದಿ, ಕ್ಯಾಂಪಸ್‌ನಲ್ಲಿ ಸಿಕ್ಕಿದ ಮೂರೂವರೆ ಲಕ್ಷದ ಕೆಲಸಕ್ಕೆ ಸೇರಿದ ಹುಡುಗಿ ಈಗ 6 ಲಕ್ಷಕ್ಕೆ ಬಂದಿದ್ದಾಳೆ. ಅದೇ ಕೆಲಸ ಮಾಡುವ ಪಕ್ಕದ ಸೀಟಿನವನಿಗೆ 10 ಲಕ್ಷ. ಇಬ್ಬರೂ ಕಂಪನಿ ಬದಲಿಸಿ, ಇಬ್ಬರಿಗೂ ವಾಡಿಕೆಯಂತೆ ಶೇ 30 ಹೈಕ್ ಸಿಕ್ಕಿತೆನ್ನಿ. ಅವಳದು 7.8 ಲಕ್ಷ, ಅವನದು 13. ನಾಲ್ಕು ಲಕ್ಷವಿದ್ದ ಅಂತರ 5.2 ಲಕ್ಷವಾಯಿತು, ಯಾರೂ ಯಾರಿಗೂ ಮೋಸ ಮಾಡದೆಯೇ! ಮಂಡಿಯಲ್ಲಿ ಅಡಿಕೆಗೆ ಬೆಲೆ ಕಟ್ಟುವವರು ರಾಶಿಯೋ ಬೆಟ್ಟೆಯೋ ಎಂದು ನೋಡಿ ಇವತ್ತಿನ ಧಾರಣೆ ಹೇಳುತ್ತಾರೆ. ಹೋದ ವರ್ಷ ನಿನಗೆಷ್ಟು ಸಿಕ್ಕಿತ್ತು ಎಂದು ಕೇಳಿ ಅದರ ಮೇಲಿಷ್ಟು ಸೇರಿಸುವುದಿಲ್ಲ.

ಹಾಗೆಂದು ಸುಳ್ಳು ಹೇಳಬೇಡ ಎಂದೇ ಅವಳಿಗೆ ಹೇಳಿದ್ದೇನೆ. ಮುಂದೆ ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಫಾರಂ 16 ಕೇಳುತ್ತಾರೆ. ಆಫರ್ ಕೈಗೆ ಬಂದಮೇಲೂ ಜಾರಿಹೋಗಬಹುದು. ಆದರೆ ಮೊದಲ ಫೋನಿನಲ್ಲೇ ಎಲ್ಲ ಒಪ್ಪಿಸಬೇಕಿಲ್ಲ. “ಈ ಹುದ್ದೆಗೆ ನಿಮ್ಮ ಬಜೆಟ್ ಎಷ್ಟಿದೆ ಸರ್?” ಎಂದು ನಯವಾಗಿ ಕೇಳಬಹುದು. ಬಹಳ ಸಲ ಹೇಳಿಯೇಬಿಡುತ್ತಾರೆ. ಅವರಿಗೂ ತಮ್ಮ ಎಕ್ಸೆಲ್ ಶೀಟಿನ ಕಾಲಂ ತುಂಬಿಸುವ ಅವಸರ, ಅವರ ಮೇಲೆ ನನಗೆ ಕೋಪವಿಲ್ಲ. ಹೇಳದಿದ್ದರೆ ತನಗೆ ಬೇಕಾದ್ದನ್ನು ಒಂದೇ ಅಂಕಿಯಲ್ಲಿ ಹೇಳಬೇಕು. ಹನ್ನೊಂದರಿಂದ ಹದಿಮೂರು ಎಂದರೆ ಆ ಕಡೆ ಕೇಳಿಸುವುದು ಹನ್ನೊಂದು ಮಾತ್ರ.

ಅವರು ಕೊಡುತ್ತೇವೆನ್ನುವ ಅಂಕಿಯೊಳಗೆ ಏನೇನಿದೆ ಎಂದೂ ಬಿಡಿಸಿ ಕೇಳಬೇಕು. ಬೇಸಿಕ್‌ನ ಶೇ 12ರಷ್ಟು ಕಂಪನಿಯ ಪಿಎಫ್ ಪಾಲು, ಶೇ 4.81 ಗ್ರಾಚ್ಯುಟಿ, ವಿಮೆಯ ಕಂತು, ಬಂದರೆ ಬಂತು ಎನ್ನುವಂಥ ವೇರಿಯಬಲ್ ಪೇ, ಎಲ್ಲವೂ ಸಿಟಿಸಿ ಹೊಟ್ಟೆಯಲ್ಲೇ ಇರುತ್ತವೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ ಐದು ವರ್ಷ ಅಲ್ಲೇ ದುಡಿದಿರಬೇಕು. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರಿಗೆ ಅದು ಕಾಗದದ ಮೇಲಿನ ದುಡ್ಡು.

ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಸಂಬಳ ಕೇಳುವುದನ್ನೇ 2018ರಿಂದ ಕಾನೂನು ತಡೆದಿದೆ. ಐರೋಪ್ಯ ಒಕ್ಕೂಟ 2023ರ ನಿರ್ದೇಶನದಲ್ಲಿ ಅದನ್ನೇ ಹೇಳಿತು. ಗಂಡಿಗೂ ಹೆಣ್ಣಿಗೂ ಒಂದೇ ಕೆಲಸಕ್ಕೆ ಒಂದೇ ವೇತನ ಎಂದು ನಮ್ಮ ದೇಶ 1976ರಲ್ಲೇ ಕಾಯ್ದೆ ಮಾಡಿತ್ತು. ಆದರೆ ಹೆರಿಗೆಯಾಗಿ ಎರಡು ವರ್ಷ ಮನೆಯಲ್ಲಿದ್ದು ಮರಳುವ ಹೆಂಗಸಿಗೂ ಇಲ್ಲಿ ಮೊದಲು ಕೇಳುವುದು ಅದೇ ಕರೆಂಟ್ ಸಿಟಿಸಿ. ಬೆಂಗಳೂರಿನ ಐಟಿ ನೌಕರರ ಸಂಘಗಳು ದುಡಿಮೆಯ ಗಂಟೆ ಹೆಚ್ಚಿಸುವುದರ ವಿರುದ್ಧ ಬೀದಿಗಿಳಿದಿದ್ದನ್ನು ನೋಡಿದ್ದೇವೆ. ಈ ಪ್ರಶ್ನೆಯನ್ನು ನಿಲ್ಲಿಸುವುದನ್ನೂ ಅವರು ಬೇಡಿಕೆಯ ಪಟ್ಟಿಗೆ ಸೇರಿಸಲಿ.